ರಾಜಕೀಯ ಥ್ರಿಲ್ಲರ್ ಕೂಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಗಂಜ್‌ನಲ್ಲಿ ನನ್ನ ಗೆಳೆಯನದೊಂದು ದಾಲ್‌ಮಿಲ್ ಇದೆ. ಅದರ ಮೇಲಿನ ಕೋಣೆಯಲ್ಲಿ ತಿಂಗಳ ಕೊನೆಯ ಭಾನುವಾರ ಹತ್ತು-ಹದಿನೈದು ಜನ ಸೇರುತ್ತೇವೆ. ಒಂದು ರಾಜಕೀಯ ಥ್ರಿಲ್ಲರ್ ಓದಿಕೊಂಡು ಬರಬೇಕು, ಇಲ್ಲಾ ನೋಡಿಕೊಂಡು ಬರಬೇಕು. ಆಮೇಲೆ ಚಾ, ಆಮೇಲೆ ಜಗಳ. ಹೊಸಬರು ಬಂದಾಗಲೆಲ್ಲ ಅವವೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ನಾನು ಯಾರು ಅಂದರೆ, ತಾಲ್ಲೂಕು ಕಚೇರಿಯೊಂದರ ಎದುರು ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು 28 ವರ್ಷ ಜನರ ಅರ್ಜಿ ಬರೆದುಕೊಟ್ಟವನು. ಈಗ ಟೈಪ್‌ರೈಟರ್ ಹೋಗಿ ಲ್ಯಾಪ್‌ಟಾಪ್ ಬಂದಿದೆ. ಮರ ಅದೇ.

ರಾಜಕೀಯ ಥ್ರಿಲ್ಲರ್‌ಗೂ ಪತ್ತೇದಾರಿ ಕತೆಗೂ ಏನು ಫರಕು?

ಪತ್ತೇದಾರಿ ಕತೆಯಲ್ಲಿ ಕಳ್ಳ ಯಾರು ಅಂತ ಹುಡುಕಬೇಕು. ಇಲ್ಲಿ ಕಳ್ಳ ಯಾರು ಅಂತ ಅರ್ಧ ಕತೆಗೇ ಗೊತ್ತಾಗಿರುತ್ತದೆ. ಎಲ್ಲರಿಗೂ ಕಾಣುವ ಹಾಗೆ ಕುರ್ಚಿ ಮೇಲೆ ಕೂತಿರುತ್ತಾನೆ, ಹಿಂದೆ ಗೋಡೆಗೆ ಗಾಂಧೀಜಿ ಫೋಟೊ ಇರುತ್ತದೆ. ಗೊತ್ತಾದದ್ದನ್ನು ಯಾರಿಗೆ ಹೇಳುವುದು ಅನ್ನುವುದೇ ಇಲ್ಲಿ ತಲೆನೋವು. ಪೊಲೀಸರಿಗೆ ಹೇಳೋಣ ಅಂದರೆ ಅವರು ಅವನ ಕೈಕೆಳಗೆ. ಪೇಪರಿನವರಿಗೆ ಹೇಳೋಣ ಅಂದರೆ ಜಾಹೀರಾತು ಅವನದು. ಕೊನೆಗೆ ಹೆಂಡತಿಗೆ ಹೇಳಿದರೆ, "ನಿಮಗ್ಯಾಕ್ರೀ ಊರ ಉಸಾಬರಿ" ಅನ್ನುತ್ತಾಳೆ. ಆ ಒಂಟಿತನವೇ ಥ್ರಿಲ್. ಗುಂಡಿನ ಸದ್ದು, ಕಾರ್ ಚೇಸು ಎಲ್ಲ ಉಪ್ಪಿನಕಾಯಿ ಇದ್ದ ಹಾಗೆ.

ಅದಕ್ಕೊಂದು ಕನ್ನಡ ಹೆಸರಿಲ್ವಾ?

ಇಟ್ಟರೆ ಇಡಬಹುದು. ಥ್ರಿಲ್ಲರ್ ಅಂದರೆ ಆಟೋದವರಿಗೂ ತಿಳಿಯುತ್ತದೆ, ನಮಗೆ ಅಷ್ಟು ಸಾಕು.

ಇಂಥ ಕತೆಗಳೆಲ್ಲ ದೆಹಲಿದು, ವಾಷಿಂಗ್ಟನ್‌ದು. ನಮ್ಮ ಕಡೆ ಎಲ್ಲಿಂದ ಬರಬೇಕು?

ಬೀದರಿಗೆ ಹೋಗಿದ್ದರೆ ಮಹಮೂದ್ ಗವಾನನ ಮದರಸಾ ನೋಡಿರುತ್ತೀರಿ. 1472ರಲ್ಲಿ ಕಟ್ಟಿ ಮುಗಿಸಿದ್ದು. ಎರಡು ಮಿನಾರು ಇದ್ದವು, ಒಂದೇ ಉಳಿದಿದೆ. ಗೋಡೆ ಮೇಲೆ ಬಣ್ಣದ ಹೆಂಚಿನ ಚೂರುಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಜನ ಅಲ್ಲಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಕಟ್ಟಿಸಿದವನಿಗೆ ಏನಾಯಿತು ಅಂತ ಕೇಳುವವರು ಕಮ್ಮಿ.

ಗವಾನ್ ಇರಾನಿನ ಗಿಲಾನ್ ಕಡೆಯವನು. ವ್ಯಾಪಾರಕ್ಕೆ ಅಂತ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ. ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಒಡೆದು ಎಂಟು ಮಾಡಿದ. ಒಬ್ಬ ಸರದಾರನ ಕೈಯಲ್ಲಿ ಒಂದೇ ಕೋಟೆ ಇರಲಿ, ಉಳಿದವು ಸುಲ್ತಾನನ ಹತ್ತಿರ ಇರಲಿ ಅಂದ. ಸರದಾರರ ಹೊಟ್ಟೆಗೇ ಕೈ ಹಾಕಿದ ಹಾಗಾಯಿತು. ಅವರು ಏನು ಮಾಡಿದರು ಗೊತ್ತಾ? ಕತ್ತಿ ಹಿಡಿಯಲಿಲ್ಲ. ಗವಾನನ ಮುದ್ರೆ ಕಾಯುವವನ ಜೊತೆ ದೋಸ್ತಿ ಬೆಳೆಸಿದರು. ಅವನಿಗೆ ಕುಡಿಸಿದರು. ಮಡಚಿದ ಖಾಲಿ ಕಾಗದವೊಂದಕ್ಕೆ ಪ್ರಧಾನಿಯ ಮುದ್ರೆ ಒತ್ತಿಸಿಕೊಂಡರು.

ಬರೆಯುವ ಕೆಲಸ ಆಮೇಲೆ. ಒಡಿಶಾದ ರಾಜನಿಗೆ ಗವಾನನೇ ಬರೆದ ಹಾಗೆ, ನೀನು ದಂಡೆತ್ತಿ ಬಾ ಅಂತ ಒಂದು ಪತ್ರ ತಯಾರಾಯಿತು. ಸುಲ್ತಾನ ಮೂರನೇ ಮುಹಮ್ಮದ್ ಶಾಹನ ಮುಂದೆ ಅದನ್ನು ಇಟ್ಟರು. ಅವನೂ ಅಮಲಿನಲ್ಲಿದ್ದ. ಗವಾನನನ್ನು ಕರೆಸಿ ಕೇಳಿದ. ಮುದ್ರೆ ನನ್ನದೇ, ಬರಹ ನನ್ನದಲ್ಲ ಅಂದನಂತೆ ಮುದುಕ. 1481ರಲ್ಲಿ ತಲೆ ತೆಗೆಸಿದರು. ಆಮೇಲೆ ಅವನ ಖಜಾನೆ ಶೋಧಿಸಿದರೆ ದೊಡ್ಡ ಗಂಟೇನೂ ಸಿಗಲಿಲ್ಲ ಅಂತ ಇತಿಹಾಸಕಾರರು ಬರೆದಿದ್ದಾರೆ. ಒಂದು ವರ್ಷದೊಳಗೆ ಸುಲ್ತಾನನೂ ಸತ್ತ. ರಾಜ್ಯ ಚೂರು ಚೂರಾಯಿತು.

ಇದರಲ್ಲಿ ಏನಿಲ್ಲ ಹೇಳಿ? ಸುಧಾರಣೆ, ಅದರಿಂದ ಪೆಟ್ಟು ತಿಂದವರು, ಕಚೇರಿಯ ಒಳಗಿನ ಒಬ್ಬ ದುರ್ಬಲ ಮನುಷ್ಯ, ಒಂದು ಸುಳ್ಳು ದಾಖಲೆ. ನನಗೆ ಮಾತ್ರ ಕತೆಯ ಮುಖ್ಯ ಪಾತ್ರ ಆ ಖಾಲಿ ಕಾಗದ. ಮರದ ಕೆಳಗೆ ಕೂತು ನಾನು ಇಷ್ಟು ವರ್ಷ ನೋಡಿದ್ದೂ ಅದನ್ನೇ. ಮುದ್ರೆ ಮೊದಲು, ಬರಹ ಆಮೇಲೆ.

ಸುಲ್ತಾನರ ಕತೆ ಬಿಡಿ ಸರ್, ಈಗಿನದು ಹೇಳಿ.

ಈಗಿನದೂ ಖಾಲಿ ಕಾಗದದ್ದೇ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ, ಅಂದರೆ ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮದ ಸುಳಿವು ಮೊದಲು ಬಲವಾಗಿ ಸಿಕ್ಕಿದ್ದು ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರದಲ್ಲಿ. ಸಿಐಡಿ ತನಿಖೆಗೆ ಇಳಿಯಿತು. ಕೆಲವು ಅಭ್ಯರ್ಥಿಗಳು ಓಎಂಆರ್ ಹಾಳೆಯಲ್ಲಿ, ಅಂದರೆ ಉತ್ತರದ ಗುಂಡು ತುಂಬುವ ಹಾಳೆಯಲ್ಲಿ, ಗೊತ್ತಿದ್ದಷ್ಟು ತುಂಬಿ ಉಳಿದದ್ದನ್ನು ಖಾಲಿ ಬಿಟ್ಟು ಎದ್ದು ಹೋದರು, ಆಮೇಲೆ ಬೇರೆಯವರು ಆ ಗುಂಡು ತುಂಬಿದರು ಅನ್ನುವುದು ಆರೋಪ. ಬ್ಲೂಟೂತ್ ಬಳಸಿದ ಆರೋಪವೂ ಬಂತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ ಜೈಲಿಗೆ ಹೋದರು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ.

ಅದಕ್ಕೂ ಮೊದಲು, 2023ರ ಅಕ್ಟೋಬರ್‌ನಲ್ಲಿ, ನಿಗಮ-ಮಂಡಳಿಗಳ ಹುದ್ದೆಗೆ ನಡೆದ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಮತ್ತೆ ಬ್ಲೂಟೂತ್ ಸಿಕ್ಕಿತು. ಅಂದಿನಿಂದ ಪರೀಕ್ಷೆಗೆ ತುಂಬು ತೋಳಿನ ಅಂಗಿ ಹಾಕುವ ಹಾಗಿಲ್ಲ. ಕದ್ದವರು ಯಾರೋ, ತೋಳು ಕತ್ತರಿಸಿಕೊಂಡು ನಿಂತವರು ಓದಿದ ಹುಡುಗರು.

ನಮ್ಮ ಕೂಟಕ್ಕೆ ಬರುವ ಹುಡುಗನೊಬ್ಬ ಆ ಮೊದಲ ಪಿಎಸ್‌ಐ ಪರೀಕ್ಷೆ ಬರೆದಿದ್ದ. ಎರಡು ವರ್ಷ ಲೈಬ್ರರಿಯಲ್ಲಿ ಕೂತು ಓದಿದವನು. ಥ್ರಿಲ್ಲರ್‌ಗಳಲ್ಲಿ ಸಂಚು ಬಯಲಾದ ಕೂಡಲೇ ಕತೆ ಮುಗಿಯುತ್ತದೆ, ಚಪ್ಪಾಳೆ. "ನನಗೆ ಅಲ್ಲಿಂದ ಶುರು ಆತ್ರಿ ಕಾಕಾ" ಅಂದ ಅವನು. ಬಯಲಾದ ಮೇಲೆ ಸುಮ್ನೆ ಕಾಯುವುದು, ವಯಸ್ಸು ಮೀರುವುದು, ಮನೆಯವರಿಗೆ ಏನು ಹೇಳುವುದು. ಆ ಕತೆಯನ್ನು ಇನ್ನೂ ಯಾರೂ ಸರಿಯಾಗಿ ಬರೆದಿಲ್ಲ.

ಸಿನಿಮಾದಲ್ಲಿ ತೋರಿಸುವಷ್ಟು ದೊಡ್ಡ ಸಂಚು ನಿಜವಾಗಿ ನಡೆಯುತ್ತಾ?

ನಡೆದಿವೆ. ಆದರೆ ಸಿನಿಮಾದಷ್ಟು ಜಾಣತನದಿಂದ ನಡೆದಿಲ್ಲ. ವಾಟರ್‌ಗೇಟ್ ತೆಗೆದುಕೊಳ್ಳಿ. 1972ರ ಜೂನ್ 17ರ ನಸುಕಿನಲ್ಲಿ, ಆ ಹೆಸರಿನ ಕಟ್ಟಡದಲ್ಲಿದ್ದ ಅಮೆರಿಕದ ವಿರೋಧ ಪಕ್ಷದ ಕಚೇರಿಗೆ ಕಳ್ಳರು ನುಗ್ಗಿದರು. ಬಾಗಿಲ ಚಿಲಕ ಬೀಳದ ಹಾಗೆ ಟೇಪು ಅಂಟಿಸಿದ್ದರು. ಕಾವಲುಗಾರ ನೋಡಿ, ಯಾರೋ ಮರೆತಿರಬೇಕು ಅಂತ ಕಿತ್ತು ಹಾಕಿದ. ಇನ್ನೊಂದು ಸುತ್ತು ಬಂದಾಗ ಮತ್ತೆ ಟೇಪು ಅಂಟಿಸಿತ್ತು! ಪೊಲೀಸರಿಗೆ ಫೋನ್ ಮಾಡಿದ. ಆ ಟೇಪಿನ ತುಂಡಿನಿಂದ ಶುರುವಾಗಿ, ಕಳ್ಳನ ಖಾತೆಗೆ ಬಿದ್ದಿದ್ದ 25 ಸಾವಿರ ಡಾಲರಿನ ಚೆಕ್ಕಿನ ಜಾಡು ಹಿಡಿದು ಹೋಗಿ, 1974ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಯಿತು. ರಾತ್ರಿ ಪಾಳಿಯ ಕಾವಲುಗಾರ ತನ್ನ ಕೆಲಸ ತಾನು ಮಾಡಿದ, ಅಷ್ಟೇ.

ಎಂಕೆ ಅಲ್ಟ್ರಾ ಅಂತ ಇನ್ನೊಂದು. 1953ರಿಂದ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನದೇ ದೇಶದ ಜನರಿಗೆ, ಅವರಿಗೆ ಗೊತ್ತಿಲ್ಲದ ಹಾಗೆ, ಎಲ್‌ಎಸ್‌ಡಿ ಅನ್ನುವ ಅಮಲಿನ ಮದ್ದು ಕೊಟ್ಟು ಮನಸ್ಸನ್ನು ಹತೋಟಿಗೆ ತರಬಹುದಾ ಅಂತ ನೋಡಿತು. ಕತೆಗಾರ ಬರೆದರೆ, ಇದು ಜಾಸ್ತಿ ಆಯ್ತು ಮಾರಾಯ ಅನ್ನುತ್ತಿದ್ದೆವು. 1973ರಲ್ಲಿ ಅದರ ಕಡತಗಳನ್ನೆಲ್ಲ ನಾಶ ಮಾಡಲು ಆದೇಶ ಆಯಿತು. ಮಾಡಿದರು. ಆದರೆ ಖರ್ಚಿನ ಲೆಕ್ಕದ ಕಾಗದ ಬೇರೆ ಕಟ್ಟಡದಲ್ಲಿತ್ತು, ಅದನ್ನು ಮರೆತರು. 1977ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಹುಡುಕುವಾಗ ಸುಮಾರು 20 ಸಾವಿರ ಪುಟ ಸಿಕ್ಕಿತು. ನಮ್ಮ ಕೂಟದಲ್ಲಿ ಖಜಾನೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಇದನ್ನು ಕೇಳಿ ತೊಡೆ ತಟ್ಟಿ ನಕ್ಕರು. "ಏನರ ಮಾಡ್ರಿ, ವೋಚರ್ ಮಾತ್ರ ಯಾರೂ ಹರಿಯಂಗಿಲ್ಲ. ಆಡಿಟ್‌ನ್ಯಾಗ ಸಿಕ್ಕೊಂಡ್ರ?"

ನಮ್ಮಲ್ಲೂ ಕಡಿಮೆ ಏನಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಾಗ ದೆಹಲಿಯ ಪತ್ರಿಕಾ ಕಚೇರಿಗಳಿರುವ ರಸ್ತೆಗೆ ಕರೆಂಟೇ ತೆಗೆದರು. ಬೆಳಿಗ್ಗೆ ಎಷ್ಟೋ ಪತ್ರಿಕೆ ಅಚ್ಚಾಗಲಿಲ್ಲ. ಕೆಲವು ದಿನದಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತು. ಖಾಲಿ ಕಾಗದವನ್ನು ಹೀಗೂ ಬಳಸಬಹುದು ನೋಡಿ.

ಸರ್ಕಾರ ಜನರನ್ನು ಆಡಿಸುತ್ತೆ ಅಂತೀರಲ್ಲ, ಹೇಗೆ ಆಡಿಸುತ್ತೆ?

ಹೆದರಿಸಿ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹೆದರಿಸುವುದು ದುಬಾರಿ ಕೆಲಸ. ಅದಕ್ಕೆ ಜನ ಬೇಕು. ಪೂರ್ವ ಜರ್ಮನಿಯ ಗುಪ್ತ ಪೊಲೀಸರು ಸುಮಾರು 90 ಸಾವಿರ ನೌಕರರನ್ನೂ, ಅದರ ಮೇಲೆ ನೆರೆಹೊರೆಯವರ ಬಗ್ಗೆ ಚಾಡಿ ಹೇಳುವ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಮಾಹಿತಿದಾರರನ್ನೂ ಇಟ್ಟುಕೊಂಡಿದ್ದರು. ಆದರೂ 1989ರಲ್ಲಿ ಬರ್ಲಿನ್ ಗೋಡೆ ಬಿತ್ತು.

ಸುಸ್ತು ಮಾಡುವುದು ಅಗ್ಗ. "ನಾಳೆ ಬಾ", "ಸರ್ವರ್ ಡೌನ್", "ಸಾಹೇಬ್ರು ಮೀಟಿಂಗ್‌ನ್ಯಾಗ ಇದ್ದಾರ". ನಮ್ಮ ಬಿಸಿಲು ಗೊತ್ತಲ್ಲ, ಏಪ್ರಿಲ್-ಮೇನಲ್ಲಿ 42-43 ಡಿಗ್ರಿ. ಆ ಬಿಸಿಲಲ್ಲಿ ಹಳ್ಳಿಯಿಂದ ಬಸ್ಸು ಹಿಡಿದು ಮೂರು ಸಲ ಬಂದವನು ನಾಲ್ಕನೇ ಸಲ ಏನು ಕೊಡಬೇಕು ಹೇಳ್ರಿ ಅನ್ನುತ್ತಾನೆ. ಯಾರೂ ಅವನನ್ನು ಕೇಳಿಯೇ ಇರುವುದಿಲ್ಲ! ಇದಕ್ಕೆ ಅಂತಲೇ 2011ರಲ್ಲಿ ಸಕಾಲ ಕಾಯ್ದೆ ಬಂತು. ಗೊತ್ತು ಮಾಡಿದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆ 20 ರೂಪಾಯಿ ಬೇಕು ಅಂತ ಬರೆಸಲು ನನ್ನ ಮರದ ಕೆಳಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದು. ಮತ್ತೆ ಅದೇ ಕಚೇರಿಗೆ ಹೋಗಬೇಕಲ್ಲ, ಯಾಕೆ ಕೆಣಕೋದು ಅಂತ.

ಓದಲು ಬಾರದ ಭಾಷೆಯಲ್ಲಿ ಬರೆಯುವುದು ಇನ್ನೊಂದು. ನಿಜಾಮರ ಕಾಲದಲ್ಲಿ ನಮ್ಮ ಭಾಗದ ದಫ್ತರವೆಲ್ಲ ಉರ್ದು. ನಮ್ಮ ಮುತ್ಯಾ ಕನ್ನಡವನ್ನೇ ಓದಲು ಬಾರದವರು, ಇನ್ನು ಉರ್ದು ಎಲ್ಲಿ ಬರಬೇಕು? ಸಾಲಕ್ಕೆ ಅಂತ ಹೋದರೆ ಮುನಷಿ ಬಾಯಲ್ಲಿ ಒಂದು ಓದಿ ಹೇಳಿ, ಕಾಗದದಲ್ಲಿ ಇನ್ನೊಂದು ಬರೆದಿದ್ದನಂತೆ. ಎರಡು ಎಕರೆ ಎರೆ ಹೊಲ ಹೋಯಿತು. ಹೆಬ್ಬೆಟ್ಟು ಒತ್ತಿದ ಮೇಲೆ ಮುತ್ಯಾ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಿದ್ದರು, ನಮ್ಮ ಕಡೆ ಹಾಗೇ ಒರೆಸುವುದು. ಹೊಲ ಹೋದದ್ದು ತಿಳಿದ ದಿನ ತಲೆ ಬೋಳಿಸಿಕೊಂಡರು ಅಂತ ಅವ್ವ ಹೇಳುತ್ತಿದ್ದಳು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಡಳಿತ ಹೋಯಿತು, ಆಮೇಲೆ ಭಾಷೆ ಬದಲಾಯಿತು. ಆದರೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಕಡತವನ್ನು ಪರಿಶೀಲಿಸಲಾಗಿ" ಅಂತ ಶುರುವಾಗುವ ಕನ್ನಡ ಎಷ್ಟು ಜನಕ್ಕೆ ತಿಳಿಯುತ್ತದೆ? ಅದನ್ನು ಬಿಡಿಸಿ ಹೇಳಿಯೇ ನಾನು ಹೊಟ್ಟೆ ಹೊರೆದಿದ್ದೇನೆ, ಹಾಗಾಗಿ ಜಾಸ್ತಿ ಬೈಯುವುದಿಲ್ಲ.

ಎಲ್ಲಕ್ಕಿಂತ ಜಾಣ ದಾರಿ, ಕೃತಜ್ಞತೆ ಹುಟ್ಟಿಸುವುದು. ಇದನ್ನು ನನ್ನ ಮೇಲೇ ಹೇಳುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವನ ಪಿಂಚಣಿ ಕಾಗದ ಒಂದು ಕಚೇರಿಯಲ್ಲಿ ಏಳು ತಿಂಗಳು ಕೂತಿತ್ತು. ಯಾವ ಕಚೇರಿ ಅಂತ ಬೇಡ. ಅಲ್ಲಿನ ಗುಮಾಸ್ತ ನನ್ನನ್ನು ಕೂರಿಸಿ ಚಾ ತರಿಸಿದ. ಅಪ್ಪನ ಬಗ್ಗೆ ಎರಡು ಒಳ್ಳೆ ಮಾತು ಹೇಳಿದ. ನಾನು ಅರ್ಜಿಯ ಎರಡನೇ ಹಾಳೆಯ ಒಳಗೆ 500ರ ನೋಟು ಇಟ್ಟೆ. ಅವನು ಅದನ್ನು ನೋಡಲೇ ಇಲ್ಲ ಅನ್ನುವ ಹಾಗೆ ಪುಟ ಮಗುಚಿದ. ಎಂಟು ದಿನಕ್ಕೆ ಕೆಲಸ ಆಯಿತು. ನಾನು ಹೋಗಿ ಅವನಿಗೆ ಕೈ ಮುಗಿದು ಬಂದೆ. ಕೊಟ್ಟದ್ದಕ್ಕಿಂತ ಆ ಕೈ ಮುಗಿದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ. ಅವ್ವನಿಗೆ ಬರಬೇಕಾದದ್ದೇ ಬಂದಿತ್ತು. ದಿನಾ ಜನರಿಗೆ ಕಾನೂನು ಹೇಳುವವನು ನಾನು, ನನಗೇ ಅದು ಅವನ ಉಪಕಾರ ಅನ್ನಿಸಿತ್ತು.

ಇಂಥ ದೃಶ್ಯ ಇರುವ ಥ್ರಿಲ್ಲರ್ ನನಗೆ ಇಷ್ಟ. ವಿಲನ್ ಚಾ ಕೊಡಬೇಕು.

ಲಂಚಕೋರರನ್ನು ಹಿಡಿಯುವ ಲೋಕಾಯುಕ್ತ ಟ್ರ್ಯಾಪ್ ಸಿನಿಮಾದಲ್ಲಿ ಇರುವ ಹಾಗೇ ಇರುತ್ತಾ?

ಜೀಪು ಬಂದು ನಿಲ್ಲುವುದು, ಸ್ಲೋಮೋಷನ್‌ನಲ್ಲಿ ಇಳಿಯುವುದು, ಅದೆಲ್ಲ ಇಲ್ಲ. ನಿಜವಾದದ್ದು ಕೆಮಿಸ್ಟ್ರಿ ಪ್ರಾಕ್ಟಿಕಲ್ ತರಹ. ದೂರು ಕೊಟ್ಟವನೇ ನೋಟು ತಂದುಕೊಡಬೇಕು. ನೋಟಿನ ನಂಬರ್ ಬರೆದುಕೊಳ್ಳುತ್ತಾರೆ. ಅದಕ್ಕೆ ಫಿನಾಫ್ತಲೀನ್ ಪುಡಿ ಸವರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಪಂಚರ ಮುಂದೆ ಮಹಜರ್ ಆಗುತ್ತದೆ. ದೂರುದಾರ ದುಡ್ಡು ಕೊಟ್ಟು ಸನ್ನೆ ಮಾಡಿದ ಮೇಲೆ ಅಧಿಕಾರಿಗಳು ಒಳಗೆ ಬಂದು, ತೆಗೆದುಕೊಂಡವನ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ ಸೀಲ್ ಮಾಡುತ್ತಾರೆ.

ಒಬ್ಬ ಮನುಷ್ಯ ತನ್ನ ಕೈಯನ್ನು ತಾನೇ ಬಟ್ಟಲಿಗೆ ಅದ್ದಿ, ನೀರಿನ ಬಣ್ಣ ತಿರುಗುವುದನ್ನು ನೋಡುತ್ತಾ ನಿಲ್ಲುವುದಿದೆಯಲ್ಲ, ಅದಕ್ಕಿಂತ ಒಳ್ಳೆ ಕ್ಲೈಮ್ಯಾಕ್ಸ್ ಬೇಕಾ? ನಿರ್ದೇಶಕರು ಅದನ್ನು ಬಿಟ್ಟು ಜೀಪು ತೋರಿಸುತ್ತಾರೆ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. ದುಡ್ಡು ಸಿಕ್ಕಿತು ಅಂದ ಮಾತ್ರಕ್ಕೆ ಶಿಕ್ಷೆ ಆಗಲ್ಲ, ಕೇಳಿದ್ದು ಸಾಬೀತಾಗಬೇಕು. ದೂರುದಾರ ಆಮೇಲೆ ಕೋರ್ಟಿನಲ್ಲಿ ಉಲ್ಟಾ ಹೊಡೆಯುವುದು ಮಾಮೂಲು. ಹಾಗೆ ತಿರುಗಿಬಿದ್ದರೂ, ತೀರಿಕೊಂಡರೂ, ಬೇರೆ ಸಾಕ್ಷ್ಯದಿಂದ ಅದನ್ನು ಸಾಬೀತು ಮಾಡಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ. ಇನ್ನೊಂದು ವಿಷಯ ಬರೆಯುವವರು ಮರೆಯುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ನೇರವಾಗಿ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಹೇಳಬೇಕು. ಹೀರೋಗೆ ಒಂದು ವಾರದ ಗಡುವು ಸಿಕ್ಕಿತು ಅಂದರೆ ಕತೆ ತಾನೇ ಓಡುತ್ತದೆ, ಅಲ್ವಾ?

ಮತ್ತೆ, 2016ರಿಂದ 2022ರ ಆಗಸ್ಟ್‌ವರೆಗಿನ ಕತೆ ಬರೆದರೆ ದಾಳಿ ಮಾಡುವವರು ಎಸಿಬಿಯವರು, ಅಂದರೆ ಭ್ರಷ್ಟಾಚಾರ ನಿಗ್ರಹ ದಳದವರು. ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿದ ಮೇಲೆ ಮತ್ತೆ ಲೋಕಾಯುಕ್ತ. ಇದನ್ನು ತಪ್ಪು ಬರೆದ ಒಂದು ಕತೆಯನ್ನು ನಮ್ಮ ಖಜಾನೆ ಹಿರಿಯರು ಹತ್ತನೇ ಪುಟಕ್ಕೇ ಮುಚ್ಚಿಟ್ಟರು.

ಹೀರೋ ಯಾವಾಗಲೂ ಪತ್ರಕರ್ತ, ಇಲ್ಲಾ ಪೊಲೀಸ್. ಸಾಮಾನ್ಯ ಜನ ಹೀರೋ ಆಗಬಾರದಾ?

10 ರೂಪಾಯಿಯ ಪೋಸ್ಟಲ್ ಆರ್ಡರ್ ಇದ್ದರೆ ಯಾರು ಬೇಕಾದರೂ ಆಗಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲೆ ಅರ್ಜಿ ಹಾಕಲು ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಪಟ್ಟದ್ದಾದರೆ 48 ಗಂಟೆ. ಬಿಪಿಎಲ್ ಕಾರ್ಡಿದ್ದರೆ ಆ 10 ರೂಪಾಯಿಯೂ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಾತ್ರ. ಕೋಪವನ್ನೆಲ್ಲ 150 ಪದಕ್ಕೆ ಇಳಿಸುವುದು ಕಷ್ಟ, ನಾನು ಹೊಡೆದು ಹಾಕಿದಷ್ಟು ಬೈಗುಳ ಕಲಬುರಗಿಯಲ್ಲಿ ಯಾರೂ ಹೊಡೆದು ಹಾಕಿರಲಿಕ್ಕಿಲ್ಲ.

ಈ ಕಾಯ್ದೆಯ ಹಿಂದೆ ರಾಜಸ್ಥಾನದ ಕೂಲಿಗಳಿದ್ದಾರೆ. 1990ರ ದಶಕದಲ್ಲಿ ಅವರು ಹಾಜರಿ ಪುಸ್ತಕ ತೋರಿಸಿ ಅಂದರು. ಹಳ್ಳಿಯ ನಡುವೆ ಸಭೆ ಕೂರಿಸಿ ಹೆಸರು ಗಟ್ಟಿಯಾಗಿ ಓದಿದರು. ಸತ್ತವರು, ಊರು ಬಿಟ್ಟವರು ಎಲ್ಲ ಕೂಲಿ ಮಾಡಿ ಸಹಿ ಹಾಕಿದ್ದರು! ಗುಂಡಿಲ್ಲ, ಕಾರಿಲ್ಲ, ಬರೀ ಒಂದು ಪಟ್ಟಿಯನ್ನು ಜೋರಾಗಿ ಓದುವುದು. ನನಗೆ ಗೊತ್ತಿರುವ ದೃಶ್ಯಗಳಲ್ಲಿ ಅದಕ್ಕಿಂತ ಮೈ ಜುಮ್ಮೆನ್ನುವುದು ಇಲ್ಲ.

ಅಪಾಯ ಇಲ್ಲ ಅಂತಲ್ಲ. ಮಾಹಿತಿ ಕೇಳಿದವರು ಈ ದೇಶದಲ್ಲಿ ಏಟು ತಿಂದಿದ್ದಾರೆ, ಜೀವವನ್ನೂ ಕಳೆದುಕೊಂಡಿದ್ದಾರೆ. ಇನ್ನು ಕೆಲವರು ಅದನ್ನೇ ವಸೂಲಿ ದಂಧೆ ಮಾಡಿಕೊಂಡಿದ್ದಾರೆ, ಅವರನ್ನೂ ನೋಡಿದ್ದೇನೆ. ಅರ್ಜಿ ಹಾಕುವುದು, ಆಮೇಲೆ ಇಂತಿಷ್ಟು ಕೊಟ್ಟರೆ ವಾಪಸ್. ಒಳ್ಳೆ ಕತೆಯಲ್ಲಿ ಈ ಇಬ್ಬರೂ ಇರಬೇಕು.

ಇವನ್ನೆಲ್ಲ ಓದಿ ಓದಿ ಯಾರನ್ನೂ ನಂಬದ ಹಾಗೆ ಆಗಲ್ವಾ?

ಆಗುತ್ತದೆ. ನಮ್ಮಲ್ಲೇ ಒಬ್ಬರಿಗೆ ಆಗಿತ್ತು. ಲಸಿಕೆಯಲ್ಲಿ ಚಿಪ್ ಇದೆ, ಟವರಿನಿಂದ ಗುಬ್ಬಿ ಸತ್ತವು, ಎಲ್ಲವೂ ಮೇಲಿನವರ ಆಟ ಅಂತ ದಿನಕ್ಕೆ ಹತ್ತು ವಾಟ್ಸ್ಆ್ಯಪ್ ಕಳಿಸುತ್ತಿದ್ದರು. ನಾವು ಅವರಿಗೆ ಹೇಳಿದ್ದು ಇಷ್ಟೇ: ನಿಮ್ಮ ಸಂಚಿನಲ್ಲಿ ವೋಚರ್ ಎಲ್ಲಿದೆ? ನಿಜವಾದ ಸಂಚಿಗೆ ಖರ್ಚಾಗುತ್ತದೆ. ಯಾರೋ ಬಿಲ್ ಹಾಕುತ್ತಾರೆ, ಯಾರೋ ಟೇಪು ಅಂಟಿಸಿ ಮರೆಯುತ್ತಾರೆ, ಯಾರಿಗೋ ಪಾಲು ಕಮ್ಮಿ ಬಂದು ಮುನಿಸಿಕೊಳ್ಳುತ್ತಾರೆ. ಒಂದೂ ತಪ್ಪು ಮಾಡದ, ಒಂದೂ ಕಾಗದ ಬಿಡದ, ಸಾವಿರಾರು ಜನ ಬಾಯಿ ಮುಚ್ಚಿಕೊಂಡಿರುವ ಸಂಚು ಅಂದರೆ ನನಗೆ ನಂಬಿಕೆ ಬರಲ್ಲ. ನಮ್ಮ ಕಚೇರಿಗಳಲ್ಲಿ ಬೀಳ್ಕೊಡುಗೆ ಪಾರ್ಟಿಯನ್ನೇ ಗುಟ್ಟಾಗಿ ಮಾಡಲು ಆಗುವುದಿಲ್ಲ.

ಎಲ್ಲರೂ ಕಳ್ಳರು ಅಂದುಬಿಟ್ಟರೆ ನಿಜವಾದ ಕಳ್ಳನಿಗೇ ಲಾಭ. ಅವನು ಗುಂಪಿನಲ್ಲಿ ಒಬ್ಬನಾಗಿಬಿಡುತ್ತಾನೆ.

ನೀವು ಸರ್ಕಾರದ ವಿರೋಧಿಗಳಾ?

ನಮ್ಮಲ್ಲಿ ಅರ್ಧ ಜನ ಸರ್ಕಾರಿ ನೌಕರರೇ. ಅವರೇ ಒಳ್ಳೆ ಓದುಗರು. ಇನ್‌ವರ್ಡ್ ನಂಬರ್ ಇಲ್ಲದೆ ಕಡತ ಮೇಲಿನ ಟೇಬಲ್ಲಿಗೆ ಹಾರಿದರೆ ಮೊದಲು ಅವರೇ ಕೂಗುತ್ತಾರೆ. ಪಕ್ಷ ರಾಜಕಾರಣ ಮಾತ್ರ ಕೋಣೆಯೊಳಗೆ ಬೇಡ. ಅದಕ್ಕೆ ಕೆಳಗೆ ಚಾದಂಗಡಿ ಇದೆ.

ನಾನೂ ಒಂದು ಬರೀಬೇಕು ಅಂತಿದ್ದೇನೆ, ನಮ್ಮ ಕಡೆಯದೇ. ಎಲ್ಲಿಂದ ಶುರು ಮಾಡಲಿ?

ಮಂತ್ರಿಯ ಬಂಗಲೆಯಿಂದ ಮಾತ್ರ ಬೇಡ. ರಸ್ತೆಯಿಂದ ಮಾಡಿ. ನಮ್ಮದು ಎರೆ ಭೂಮಿ. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಎಷ್ಟು ಚೆನ್ನಾಗಿ ಹಾಕಿದ ರಸ್ತೆಯೂ ಅದರ ಮೇಲೆ ಕಷ್ಟಪಡುತ್ತದೆ. ಗುತ್ತಿಗೆದಾರನಿಗೆ ಇದು ವರ. ರಸ್ತೆ ಎರಡು ಮಳೆಗೆ ಎದ್ದು ಹೋದರೆ ಮಣ್ಣು ಸರಿಯಿಲ್ಲ ಅನ್ನಬಹುದು. ಮಣ್ಣಿನ ತಪ್ಪೋ, ಕೆಳಗೆ ಹಾಕದ ಜಲ್ಲಿಯ ತಪ್ಪೋ ಹೇಳುವುದು ಎಂಬಿ ಪುಸ್ತಕ. ಅಂದರೆ ಎಂಜಿನಿಯರು ಅಳತೆ ಬರೆಯುವ ಪುಸ್ತಕ, ಬಿಲ್ಲು ಆಗುವುದು ಅದರ ಮೇಲೆ. ಆ ಪುಸ್ತಕ ಕಳೆದುಹೋಗಿದೆ ಅಂತ ಮೊದಲ ಪುಟದಲ್ಲಿ ಬರೆಯಿರಿ, ಉಳಿದದ್ದು ತಾನೇ ಬರುತ್ತದೆ.

ಇಲ್ಲಾ ತೊಗರಿ ಹಿಡಿಯಿರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಗುರುತು ಸಿಕ್ಕಿದೆ. ಬೆಂಬಲ ಬೆಲೆಗೆ ಕೊಡುವಾಗ ರೈತರು ಹೆಸರು ನೋಂದಾಯಿಸಬೇಕು, ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ನೋಂದಣಿ ನಂಬರ್ ಬೇಕು. ಒಬ್ಬ ಮುದುಕಿ ತನ್ನ ನಾಲ್ಕು ಚೀಲ ತಂದಾಗ, ನಿಮ್ಮ ಹೆಸರಲ್ಲಿ ಆಗಲೇ ಇಪ್ಪತ್ತು ಚೀಲ ಬಂದಿದೆಯಲ್ಲಾ ಅಮ್ಮ ಅಂತ ಕಂಪ್ಯೂಟರಿನ ಹುಡುಗ ಅಂದರೆ? ಆ ಚೀಲ ಯಾರವು? ಇದು ಕತೆಗೆ ಅಂತ ನಾನು ಕಟ್ಟಿದ್ದು, ಬೇಕಿದ್ದರೆ ತೆಗೆದುಕೊಳ್ಳಿ.

ಮಾತು ನಮ್ಮದೇ ಇರಲಿ. ಕಲಬುರಗಿಯ ಗುಮಾಸ್ತ ಬೆಂಗಳೂರಿನ ಸೀರಿಯಲ್ ಕನ್ನಡ ಆಡಿದರೆ ಓದುವವರಿಗೆ ಅಲ್ಲೇ ಅನುಮಾನ ಬರುತ್ತದೆ, ಬರಬೇಕಾದ ಅನುಮಾನ ಅದಲ್ಲ. ವಿಲನ್ ಗಹಗಹಿಸಿ ನಗುವುದು ಬೇಡ. ಅವನಿಗೂ ಬಿಪಿ ಇರಲಿ, ಮಗಳ ಮದುವೆ ಇರಲಿ, ಶರಣಬಸವೇಶ್ವರರ ಜಾತ್ರೆಗೆ ತಪ್ಪದೆ ಹೋಗಿ ಬರಲಿ.

ನಿಜವಾದ ಹೆಸರು ಹಾಕಬಹುದಾ?

ಬೇಡ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲಿ ಮಾನಹಾನಿಗೆ 2 ವರ್ಷದವರೆಗೆ ಸಜೆ ಇದೆ. ಹೆಸರು ಬದಲಿಸಿ, ಆದರೆ ಹುದ್ದೆ, ಊರು, ಮೀಸೆ ಎಲ್ಲ ಅದೇ ಇಟ್ಟರೆ ಬದಲಿಸಿದ ಹಾಗೆ ಆಗಲ್ಲ.

ಮಕ್ಕಳನ್ನು ಕರ್ಕೊಂಡು ಬರಬಹುದಾ?

ಬನ್ನಿ. ಬೇಜಾರಾದರೆ ಕೆಳಗೆ ಬ್ಯಾಳಿ ಚೀಲದ ಮೇಲೆ ಆಡುತ್ತಾರೆ.

ಮೊದಲ ಸಲ ಬರುವಾಗ ಏನು ತರಬೇಕು?

ಕೂರಲು ಒಂದು ದಿಂಬು, ಕುರ್ಚಿ ಕಮ್ಮಿ ಇವೆ. ತೊಗರಿ ಸುಗ್ಗಿಯಲ್ಲಿ ಬಂದರೆ ಧೂಳಿಗೆ ಒಂದು ಟವೆಲ್. ಮಿರ್ಚಿ ಭಜಿ ತಂದರೆ ಬೇಡ ಅನ್ನಲ್ಲ. ಕತೆ ಬರೆದಿದ್ದರೆ ಪ್ರಿಂಟ್ ತನ್ನಿ, ಮೊಬೈಲಿನಲ್ಲಿ ಹಿರಿಯರಿಗೆ ಕಾಣಿಸುವುದಿಲ್ಲ.

ಎಷ್ಟೋ ಜನ ಕತೆಯ ಜೊತೆ ಮನೆಯ ಕಾಗದವನ್ನೂ ತರುತ್ತಾರೆ, ಸ್ವಲ್ಪ ನೋಡಿಕೊಡ್ರಿ ಅಂತ. ನೋಡಿಕೊಡುತ್ತೇನೆ, ಭಾನುವಾರ ದುಡ್ಡಿಲ್ಲ. ಒಂದೇ ಕೋರಿಕೆ. ಸಹಿ ಹಾಕಿದ ಹಾಳೆಯಲ್ಲಿ ಬರಹಕ್ಕೂ ಸಹಿಗೂ ನಡುವೆ ಜಾಗ ಉಳಿದಿದ್ದರೆ, ಬರುವ ಮೊದಲೇ ಅಲ್ಲಿ ಪೆನ್ನಿನಿಂದ ಒಂದು ಅಡ್ಡ ಗೆರೆ ಎಳೆದುಕೊಂಡು ಬನ್ನಿ.